ಹೆಬ್ಬೆರಳಿನ ಬೀಗ

ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಕಾಗದ ಬಿಸಾಡುವ ಪದ್ಧತಿ ಇಲ್ಲ. ಮಾವ ಹಾಕಿಕೊಟ್ಟ ನಿಯಮ ಅದು. ಒಂದು ಮಗ್ಗುಲು ಖಾಲಿ ಇರುವ ಯಾವ ಹಾಳೆಯೇ ಆಗಲಿ, ಹಳೇ ಬಿಲ್ಲು, ಪ್ರಶ್ನೆಪತ್ರಿಕೆ, ಯಾವುದೋ ಅಂಗಡಿಯ ಜಾಹೀರಾತು, ಎಲ್ಲವೂ ಕೆಲಸದ ಮೇಜಿನ ಕೆಳಗಿನ ಬುಟ್ಟಿಗೆ ಹೋಗಬೇಕು. ಪುಸ್ತಕದ ಹೊಲಿಗೆ ಮುಗಿದ ಮೇಲೆ ಅದರ ಬೆನ್ನಿಗೆ ಅಂಟು ಸವರಿ, ಮೊದಲು ಬಟ್ಟೆಯ ಪಟ್ಟಿ, ಅದರ ಮೇಲೆ ಆ ಬುಟ್ಟಿಯದೊಂದು ಹಾಳೆ ಕೂರಿಸುತ್ತೇವೆ. ಆಮೇಲೆ ರಟ್ಟು ಹಾಕಿದರೆ ಆ ಹಾಳೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪುಸ್ತಕ ಇರುವಷ್ಟು ಕಾಲ ಒಳಗೇ ಇರುತ್ತದೆ. "ಈ ಊರಿನ ಅರ್ಧ ಗುಟ್ಟು ನಾನು ಕಟ್ಟಿದ ಪುಸ್ತಕಗಳ ಬೆನ್ನಲ್ಲಿದೆ" ಎಂದು ಮಾವ ನಗುತ್ತಿದ್ದರು. ಅವರು ಹೋಗಿ ಒಂಬತ್ತು ವರ್ಷವಾಯಿತು. ಬುಟ್ಟಿ ಇನ್ನೂ ಇದೆ.

ಕತ್ತರಿಸುವುದು ನನ್ನ ಗಂಡನ ಕೆಲಸ, ಹೊಲಿಯುವುದು ಅಂಟಿಸುವುದು ನನ್ನದು. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದಿದೆ. ಅವರದು ನಿಧಾನದ ಸ್ವಭಾವ. ಒಂದು ಹಾಳೆಯ ಅಂಚನ್ನು ಮೂರು ಸಲ ತಟ್ಟಿ ನೋಡದೆ ಅಲಗಿನ ಕೆಳಗೆ ಇಡುವುದಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲಿ, ಅವಸರ ಅದಕ್ಕಿಂತ ಸ್ವಲ್ಪ ಮುಂದೆ. ಅಂಟು ಒಣಗುವುದನ್ನು ಕಾಯುವುದು ಈ ಕಸುಬಿನಲ್ಲಿ ನನಗೆ ಸಿಕ್ಕಿದ ಶಿಕ್ಷೆ.

ನಮ್ಮ ಕಟಿಂಗ್ ಮಷೀನು ಮಾವ ಹರೆಯದಲ್ಲಿ ಕೊಂಡದ್ದು. ಅದರ ಅಲಗು ಒಮ್ಮೆ ಇಳಿದು, ಮೇಲೆ ಹೋಗಿ ನಿಲ್ಲಬೇಕು. ಬ್ರೇಕು ಸವೆದು, ತಿಂಗಳಿಗೆ ಒಂದೆರಡು ಸಲ ಅದು ನಿಲ್ಲದೆ ತಾನಾಗಿ ಇನ್ನೊಮ್ಮೆ ಇಳಿಯುತ್ತಿತ್ತು. ನಾವು ಅದಕ್ಕೆ ಮುದುಕನ ಬಿಕ್ಕಳಿಕೆ ಎಂದು ಹೆಸರಿಟ್ಟು ನಗುತ್ತಿದ್ದೆವು. ಹೊಸ ಮಷೀನುಗಳಲ್ಲಿ ಅಲಗಿನ ಮುಂದೆ ಬೆಳಕಿನ ಗೆರೆಯೊಂದು ಇರುತ್ತದೆ. ಕೈ ಅಡ್ಡ ಬಂದರೆ ಅಲಗು ಅಲ್ಲೇ ನಿಂತುಬಿಡುತ್ತದೆ. ನನ್ನ ಗಂಡ ಅದನ್ನು ಒಂದು ಪ್ರದರ್ಶನದಲ್ಲಿ ನೋಡಿಬಂದು, ಅದರ ಚಿತ್ರವನ್ನು ಗೋಡೆಗೆ ಅಂಟಿಸಿದ್ದರು. ಆರು ವರ್ಷ ಹೊಟ್ಟೆಬಟ್ಟೆ ಕಟ್ಟಿ ನಾವು ಕೂಡಿಟ್ಟಿದ್ದೆಲ್ಲ ಆ ಚಿತ್ರಕ್ಕಾಗಿ.

ಆ ದುಡ್ಡನ್ನು ಅವರು ಕಳೆದ ವರ್ಷ ಕ್ರಿಪ್ಟೋಗೆ ಹಾಕಿದರು. ಕೈಯಲ್ಲಿ ಹಿಡಿಯಲಾಗದ, ಫೋನಿನೊಳಗೆ ಮಾತ್ರ ಕಾಣುವ ದುಡ್ಡು. ನಾನು ಮೂರು ದಿನ ಮಾತು ಬಿಟ್ಟೆ. ನಾಲ್ಕನೆಯ ದಿನ ಅದು ಸ್ವಲ್ಪ ಬೆಳೆದಿತ್ತು. ನಾನು ಮಾತಾಡಿದೆ, ಆದರೆ ಒಪ್ಪಿದೆ ಅಂತ ಹೇಳಲಿಲ್ಲ.

ಒಂದು ದಿನ ಯಾರೋ ಆ ಕ್ರಿಪ್ಟೋ ಕಂಪನಿಯವನೆಂದು ಫೋನ್ ಮಾಡಿ, ಅವರ ಬಾಯಿಂದ ಒಂದು ನಂಬರನ್ನು ಇನ್ನೇನು ಹೇಳಿಸಿಯೇಬಿಟ್ಟಿದ್ದ. ನಾನು ಫೋನ್ ಕಿತ್ತುಕೊಂಡು ಅವನ ಜನ್ಮ ಜಾಲಾಡಿದೆ. ಅದಾದ ಮೇಲೆ ನನ್ನ ಗಂಡ ಎರಡು ರಾತ್ರಿ ನಿದ್ದೆ ಮಾಡದೆ, ಮೂರನೆಯ ದಿನ ಆ ಖಾತೆಗೆ ಭದ್ರತೆ ಮಾಡಲು ಕೂತರು. ನಾನು ಹೊಲಿಗೆ ಹಾಕುತ್ತಿದ್ದೆ.

"ನೋಡು, ನನ್ನ ಬಲಗೈ ಹೆಬ್ಬೆರಳು ಇಟ್ರೆ ಒಂದೇ ಏಟಿಗೆ ತೆಗೆಯುತ್ತೆ," ಎಂದರು. "ಅದು ಬಿಟ್ರೆ ಇನ್ನೊಂದು ದಾರಿ. ಪಾಸ್‌ವರ್ಡ್ ಹಾಕ್ಬೇಕು, ಜೊತೆಗೆ ಈ ಪೇಪರಲ್ಲಿರೋ ಹತ್ತು ನಂಬರಲ್ಲಿ ಒಂದು. ಒಂದು ನಂಬರು ಒಂದೇ ಸಲಕ್ಕೆ. ಎರಡೂ ಇಲ್ದೆ ಬ್ರಹ್ಮ ಬಂದ್ರೂ ಆಗಲ್ಲ."

"ಪೇಪರ್ ಕಳೆದುಹೋದ್ರೆ?"

"ಹೆಬ್ಬೆರಳು ಇದ್ಯಲ್ಲ. ಹೆಬ್ಬೆರಳನ್ನ ಯಾರು ಕದೀತಾರೆ ಹೇಳು."

ನನ್ನ ಹೆಬ್ಬೆರಳನ್ನೂ ಸೇರಿಸಲು ನೋಡಿದರು. ಫೋನು ಒಪ್ಪಲಿಲ್ಲ. ಇಪ್ಪತ್ತೆರಡು ವರ್ಷ ಅಂಟು ಒರೆಸಿ, ಮಡಿಕೆ ತೀಡಿ ನನ್ನ ಬೆರಳ ಗೆರೆಗಳೆಲ್ಲ ಸವೆದುಹೋಗಿವೆ. ಐದು ಸಲ ಒತ್ತಿಸಿ, "ಗುರುತೇ ಇಲ್ಲದ ಹೆಂಗಸನ್ನ ಕಟ್ಕೊಂಡಿದೀನಿ" ಎಂದು ರೇಗಿಸಿದರು. ಪಾಸ್‌ವರ್ಡ್ ಏನೆಂದೂ ಹೇಳಿದರು. ನನ್ನ ಹಲ್ಲಿನ ನಡುವೆ ದಾರ ಇತ್ತು. ಹೂಂ ಎಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಅಪಘಾತವಾದದ್ದು ಬುಧವಾರ ಬೆಳಿಗ್ಗೆ ಹತ್ತೂವರೆಗೆ. ಅವರು ಶಾಲೆಯೊಂದರ ಉತ್ತರಪುಸ್ತಕಗಳನ್ನು ಕತ್ತರಿಸುತ್ತಿದ್ದರು. ಅಲಗು ಇಳಿಯಿತು, ಏರಿತು. ಅವರು ಕಟ್ಟನ್ನು ಈಚೆಗೆಳೆಯಲು ಕೈ ಚಾಚಿದರು. ಮುದುಕ ಬಿಕ್ಕಳಿಸಿದ.

ಅವರು ಕೂಗಲಿಲ್ಲ. "ಬಾ ಇಲ್ಲಿ" ಎಂದರು, ದಾರ ಕೊಡು ಅನ್ನುವ ದನಿಯಲ್ಲಿ. ನಾನು ತಿರುಗಿ ನೋಡಿದಾಗ ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದರು, ಅಂಗಿ ಕೆಂಪಾಗುತ್ತಿತ್ತು. ಹೆಬ್ಬೆರಳು ಉತ್ತರಪುಸ್ತಕಗಳ ಮೇಲೆ ಇತ್ತು.

ಪಕ್ಕದ ಮೀನಂಗಡಿಯವಳನ್ನು ನಾವು ಮೀನಿನಕ್ಕ ಎನ್ನುತ್ತೇವೆ. ಅವಳ ಅಂಗಡಿಯ ವಾಸನೆ ಪುಸ್ತಕಗಳಿಗೆ ಹಿಡಿಯುತ್ತದೆಂದು ನಾನು ಹನ್ನೆರಡು ವರ್ಷ ಅವಳೊಂದಿಗೆ ಜಗಳವಾಡಿದ್ದೇನೆ. ನಾನು ಕಿರುಚಿದ್ದು ಕೇಳಿ ಓಡಿಬಂದವಳು ಅವಳೇ. ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಡಬ್ಬದಲ್ಲಿಟ್ಟಳು.

"ಮಂಜು ನೇರವಾಗಿ ತಾಗ್ಬಾರ್ದು, ಸುಟ್ಟುಹೋಗುತ್ತೆ," ಎಂದಳು. "ವ್ಯಾನ್ ಹತ್ತು."

ಮೀನಿನ ವ್ಯಾನಿನಲ್ಲಿ ನಾನು ಅವರ ಕೈಯನ್ನು ಮೇಲೆತ್ತಿ ಹಿಡಿದು ಕೂತೆ. ಅವರು ಕಣ್ಣು ಮುಚ್ಚಿ, "ಶಾಲೆಯವ್ರಿಗೆ ಫೋನ್ ಮಾಡಿ ಎರಡು ದಿನ ತಡ ಆಗುತ್ತೆ ಅನ್ನು" ಎಂದರು. ನನಗೆ ಅಳು ಬರಲಿಲ್ಲ. ಕೋಪ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಆಸ್ಪತ್ರೆಯ ಸರ್ಜನ್ ಡಬ್ಬ ತೆರೆದು ನೋಡಿ, ಮೀನಿನಕ್ಕನ ಕಡೆ ತಿರುಗಿ, "ಚೆನ್ನಾಗಿ ತಂದಿದ್ದೀರಿ" ಎಂದರು. ನನಗೆ ಹೇಳಿದರು: "ಅಲಗು ಹರಿತ ಇತ್ತು, ಕಡಿತ ನೇರವಾಗಿದೆ. ಸೇರಿಸಬಹುದು. ನರ, ರಕ್ತನಾಳ ಒಂದೊಂದನ್ನೂ ಹೊಲೀಬೇಕು, ಏಳೆಂಟು ಗಂಟೆ ಕೆಲಸ. ಮೂರು ಗಂಟೆಗೆ ಶುರು ಮಾಡಿಬಿಡ್ಬೇಕು. ಅಷ್ಟರಲ್ಲಿ ನನ್ನ ತಂಡ ಸೇರುತ್ತೆ. ನೀವು ಕೌಂಟರಲ್ಲಿ ಮುಂಗಡ ಕಟ್ಟಿ."

ಹೊಲಿಯಬೇಕು ಎಂಬ ಮಾತು ಕೇಳಿ ನನಗೆ ಧೈರ್ಯ ಬಂತು. ಹೊಲಿಯುವವರನ್ನು ನಾನು ನಂಬುತ್ತೇನೆ.

ಕೌಂಟರಿನವಳು ಒಂದು ಚೀಟಿ ಕೊಟ್ಟಳು. ಅದರಲ್ಲಿದ್ದ ಮೊತ್ತ ನೋಡಿ ಮೀನಿನಕ್ಕ ತನ್ನ ಏಪ್ರನ್ನಿನ ಜೇಬಿಗೆ ಕೈ ಹಾಕಿ, ಹಾಗೇ ಹೊರಗೆ ತೆಗೆದಳು. ನನ್ನ ಅಣ್ಣನಿಗೆ ಫೋನ್ ಮಾಡಿದೆ. ಅವನ ಹತ್ತಿರ ಇದ್ದದ್ದು ಕಾಲುಭಾಗಕ್ಕೂ ಸಾಲದು. ಉಳಿದದ್ದು ಒಂದೇ, ಮಷೀನಿನ ದುಡ್ಡು. ಅದು ಬೇಕಾದಷ್ಟಿತ್ತು. ಮಾರಿದರೆ ಹತ್ತು ನಿಮಿಷದಲ್ಲಿ ಬ್ಯಾಂಕಿಗೆ ಬರುತ್ತದೆ ಎಂದು ಅವರೇ ಒಮ್ಮೆ ಮಾಡಿ ತೋರಿಸಿದ್ದರು.

ಅವರ ಫೋನ್ ನನ್ನ ಹತ್ತಿರವೇ ಇತ್ತು. ಫೋನು ತೆರೆಯಲು ನಮ್ಮ ಅಂಗಡಿಯ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ. ತೆರೆಯಿತು. ಕ್ರಿಪ್ಟೋ ಖಾತೆಯನ್ನು ಒತ್ತಿದೆ. ಪರದೆಯ ಮೇಲೆ ಬೆರಳ ಗುರುತಿನ ಚಿತ್ರವೊಂದು ಮೂಡಿ, ನಿಮ್ಮ ಬೆರಳಿಡಿ ಎಂದಿತು.

ನಾನು ಆ ಚಿತ್ರವನ್ನೇ ನೋಡುತ್ತ ನಿಂತೆ. ಆಮೇಲೆ ಕೆಳಗಿದ್ದ ಇನ್ನೊಂದು ದಾರಿ ಒತ್ತಿದೆ. ಪಾಸ್‌ವರ್ಡ್ ಕೇಳಿತು. ಆ ದಿನ ಅವರು ಹೇಳಿದ್ದು ನೆನಪಿಗೆ ಬರಲೇ ಇಲ್ಲ. ಮಗಳಿಲ್ಲ, ಮಗನಿಲ್ಲ, ಹುಟ್ಟಿದ ದಿನ ಹಾಕೋಣವೆಂದರೆ. ನನ್ನ ಹೆಸರು ಹಾಕಿದೆ, ತಪ್ಪು. ಮಾವನ ಹೆಸರು, ತಪ್ಪು. ಇಪ್ಪತ್ತು ಹೆಜ್ಜೆಯಾಚೆ ಹಸಿರು ಬಟ್ಟೆಯ ಪರದೆಯ ಹಿಂದೆ ಅವರು ಮಲಗಿದ್ದರು, ನರ್ಸು ಗಾಯ ತೊಳೆಯುತ್ತಿದ್ದಳು. "ಐದು ನಿಮಿಷ ಕಾಯಿರಿ, ಆಮೇಲೆ ಒಳಗೆ ಬನ್ನಿ" ಎಂದು ನನಗೆ ಹೇಳಿದ್ದಳು.

ಐದು ನಿಮಿಷ ಕಾಯಬಹುದಿತ್ತು. ಈಗಲೂ ಆ ಐದು ನಿಮಿಷವನ್ನು ನಾನು ದಿನಾ ಕಾಯುತ್ತೇನೆ.

ಪಾಸ್‌ವರ್ಡ್ ಮರೆತಿದ್ದೀರಾ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದೆ. ಚಿಕ್ಕ ಅಕ್ಷರದಲ್ಲಿ ನಾಲ್ಕು ಸಾಲು ಬಂತು, ಕೆಳಗೆ ಒಪ್ಪಿಗೆ ಅಂತ ಇತ್ತು. ಓದಲಿಲ್ಲ. ಒಪ್ಪಿದೆ. ಮೇಲ್ ಬಂತು, ಅದನ್ನು ಒತ್ತಿದೆ, ಹೊಸ ಪಾಸ್‌ವರ್ಡ್ ಹಾಕಿದೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಹತ್ತು. ಗೆದ್ದೆ ಅಂದುಕೊಂಡೆ. ಆಗ ಅದು ಎರಡನೆಯ ಬಾಗಿಲು ತೋರಿಸಿತು: ಬೆರಳು ಇಡಿ, ಇಲ್ಲವೇ ಕಾಗದದ ನಂಬರು ಹಾಕಿ.

ನರ್ಸು ಹೊರಗೆ ಬಂದಳು. ವಯಸ್ಸಾದ ಹೆಂಗಸು, ಕಣ್ಣಲ್ಲಿ ದಣಿವು. ನಾನು ಅವಳ ಕೈ ಹಿಡಿದುಕೊಂಡೆ.

"ಸಿಸ್ಟರ್, ಆ ಡಬ್ಬ ಒಂದ್ಸಲ ಕೊಡ್ತೀರಾ. ಬೆರಳು ಒಂದೇ ಕ್ಷಣ ಫೋನಿಗೆ ಮುಟ್ಟಿಸಿ ವಾಪಸ್ ಕೊಟ್ಟುಬಿಡ್ತೀನಿ."

ಅವಳು ನನ್ನನ್ನು ಹುಚ್ಚಿಯಂತೆ ನೋಡಲಿಲ್ಲ. ಫೋನ್ ನೋಡಿದಳು, ನನ್ನನ್ನು ನೋಡಿದಳು.

"ಅದು ತಣ್ಣಗಿದೆ ಅಮ್ಮ. ರಕ್ತ ಓಡದ ಬೆರಳನ್ನ ಫೋನು ಗುರುತಿಸಲ್ಲ. ಬೆಚ್ಚಗೆ ಮಾಡಿದ್ರೆ ನಾಳೆ ಕೈಗೆ ಹಿಡಿಯಲ್ಲ. ಯಾವುದು ಬೇಕು ನಿಮಗೆ?"

ನಾನು ಅವಳ ಕೈ ಬಿಟ್ಟೆ. ನಾನೇನು ಕೇಳಿದೆ ಎಂಬುದು ಆಗ ನನಗೇ ಕೇಳಿಸಿತು.

ಅವರ ಹತ್ತಿರ ಹೋದೆ. ಅಷ್ಟರಲ್ಲಿ ಸೂಜಿ ಕೊಟ್ಟಿದ್ದರು, ಮಾತು ತೊದಲುತ್ತಿತ್ತು. "ರೀ, ಆ ನಂಬರಿನ ಪೇಪರ್ ಎಲ್ಲಿದೆ?" ಎಂದೆ.

"ಅಂಟಿನ ಡಬ್ಬದ ಕೆಳಗೆ," ಎಂದರು. "ನೀಲಿ ಅಂಚಿಂದು. ಅಲ್ಲಿಗೆ ಯಾರೂ ಕೈ ಹಾಕಲ್ಲ, ನಿನ್ನ ಬಿಟ್ಟು."

ನೀಲಿ ಅಂಚಿನ ಹಾಳೆ. ದಪ್ಪನೆಯದು, ಒಂದು ಮಗ್ಗುಲು ಖಾಲಿ, ಇನ್ನೊಂದರಲ್ಲಿ ಅಂಕಿಗಳು. ಹೋದ ತಿಂಗಳು ಅಂಟಿನ ಡಬ್ಬ ತೊಳೆಯುವಾಗ ಕೈಗೆ ಸಿಕ್ಕಿತ್ತು. ಯಾವುದೋ ರಸೀತಿ ಎಂದುಕೊಂಡೆ. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹಾಕಿದೆ. ಬೇರೆ ಯಾವ ಮನೆಯಲ್ಲಾದರೂ ಅದು ಮೂಲೆಯ ಡ್ರಾಯರಿನಲ್ಲಿ ಧೂಳು ತಿನ್ನುತ್ತ ಕೂತಿರುತ್ತಿತ್ತು. ನಮ್ಮ ಮನೆಯಲ್ಲಿ ಬುಟ್ಟಿಗೆ ಬಿತ್ತು, ಬುಟ್ಟಿಯಿಂದ ಪುಸ್ತಕದ ಬೆನ್ನಿಗೆ ಹೋಯಿತು. ಯಾವ ಪುಸ್ತಕ ಎಂದೂ ನನಗೆ ಗೊತ್ತಿತ್ತು. ಅಷ್ಟು ಗಟ್ಟಿ ಹಾಳೆಯನ್ನು ತೆಳ್ಳಗಿನ ಪುಸ್ತಕಕ್ಕೆ ಹಾಕಿ ಹಾಳುಮಾಡುವವಳಲ್ಲ ನಾನು. ಸಾರ್ವಜನಿಕ ಗ್ರಂಥಾಲಯದ ಹಳೇ ಪತ್ರಿಕೆಗಳನ್ನು ಅರ್ಧ ವರ್ಷಕ್ಕೊಂದರಂತೆ ಆರು ಸಂಪುಟ ಕಟ್ಟಿಕೊಟ್ಟಿದ್ದೆ. ಅದರಲ್ಲಿ ಎರಡು ಸಂಪುಟ ಬಹಳ ದಪ್ಪ. ಆ ಎರಡರಲ್ಲೊಂದು.

"ಮೀನಿನಕ್ಕ, ವ್ಯಾನು ತೆಗಿ," ಎಂದೆ.

ದಾರಿಯಲ್ಲಿ ಎಲ್ಲ ಕೆಂಪು ದೀಪಗಳೂ ನಮಗಾಗಿಯೇ ಕಾದಿದ್ದವು. ಒಂದು ಕಡೆ ಪೈಪು ಹೂಳಲು ರಸ್ತೆ ಅಗೆದು, ಒಂದೇ ಸಾಲಿನಲ್ಲಿ ವಾಹನ ಬಿಡುತ್ತಿದ್ದರು. ಮೀನಿನಕ್ಕ ಕಿಟಕಿಯಿಂದ ತಲೆ ಹೊರಹಾಕಿ ಬೈದ ಬೈಗುಳಗಳನ್ನು ಬರೆದಿಟ್ಟರೆ ಅದೂ ಒಂದು ಸಂಪುಟವಾಗುತ್ತದೆ. ಗ್ರಂಥಾಲಯ ಮುಟ್ಟಿದಾಗ ಹನ್ನೆರಡೂವರೆ.

ಅಲ್ಲಿನ ಗ್ರಂಥಪಾಲರನ್ನು ಎಲ್ಲರೂ ಬೆನ್ನ ಹಿಂದೆ ಸದ್ದಿಲ್ಲದಪ್ಪ ಎನ್ನುತ್ತಾರೆ. ಮೂವತ್ತು ವರ್ಷದಿಂದ ಜನರ ಬಾಯಿ ಮುಚ್ಚಿಸುವುದೇ ಕೆಲಸ. ನಾನು ಏದುಸಿರಿನಲ್ಲಿ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಆ ಸಂಪುಟಗಳನ್ನ ಓದೋಕೆ ಕೊಡೋದಕ್ಕೇ ಅರ್ಜಿ ಬೇಕು," ಎಂದರು, ಪಿಸುದನಿಯಲ್ಲಿ. "ಸೀಳೋಕೆ ಅಂದ್ರೆ ಮೇಲಿನ ಕಚೇರಿಯಿಂದ ಬರಹದಲ್ಲಿ ಅನುಮತಿ ಬರ್ಬೇಕು. ಇವತ್ತು ಸಾಹೇಬರು ರಜೆ."

"ಸಾರ್, ನಾನೇ ಹೊಲಿದದ್ದು. ನಾನೇ ಬಿಚ್ತೀನಿ."

"ಹೊಲಿದ ಮೇಲೆ ಅದು ನಿಮ್ಮದಲ್ಲಮ್ಮ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವರನ್ನು ಮೆಚ್ಚಿಕೊಳ್ಳುತ್ತಿದ್ದೆ. ಆ ದಿನ ಅವರ ಮೇಜಿನ ಮುಂದೆ ಕುಸಿದು ಕೂತೆ. ನನ್ನ ಸೆರಗಿನ ರಕ್ತ ಒಣಗಿ ಗಟ್ಟಿಯಾಗಿತ್ತು. "ಅವರಿಗೆ ಬರೋದು ಒಂದೇ ಕೆಲಸ ಸಾರ್," ಎಂದೆ. "ಹಾಳೆಯ ಅಂಚನ್ನ ಹೆಬ್ಬೆರಳಲ್ಲಿ ಮುಟ್ಟಿ ನೋಡಿ, ಒಂದು ಕೂದಲೆಳೆ ಹೆಚ್ಚಿದ್ರೂ ಹೇಳಿಬಿಡ್ತಾರೆ. ಆ ಬೆರಳು ಈಗ ಮೀನಿನ ಡಬ್ಬದಲ್ಲಿದೆ. ಮೂರು ಗಂಟೆಗೆ ಸತ್ತುಹೋಗುತ್ತೆ. ನಿಮ್ಮ ಕಾಲು ಹಿಡೀತೀನಿ." ನಿಜಕ್ಕೂ ಹಿಡಿಯಲು ಬಗ್ಗಿದೆ. ಇಷ್ಟು ವರ್ಷದಲ್ಲಿ ಯಾರ ಮುಂದೆಯೂ ಹೀಗೆ ಬಗ್ಗಿದವಳಲ್ಲ ನಾನು.

ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಗ್ರಂಥಪಾಲರು ಎದ್ದು ಹಿಂದೆ ಸರಿದರು.

"ಮತ್ತೆ ಹೊಲಿದುಕೊಡ್ತೀರಾ?"

"ಮೊದಲಿನದಕ್ಕಿಂತ ಚೆನ್ನಾಗಿ."

ಅವರು ನಮ್ಮನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಎರಡು ಸಂಪುಟಗಳನ್ನು ತಾವೇ ಎತ್ತಿ ತಂದು ಮೇಜಿನ ಮೇಲಿಟ್ಟು, ಜೇಬಿನಿಂದ ಪೆನ್ಸಿಲ್ ಹೆರೆಯುವ ಚಾಕು ತೆಗೆದುಕೊಟ್ಟರು. "ನಾನು ಆ ಕಡೆ ನೋಡ್ತೀನಿ" ಎಂದು ಗೋಡೆಯ ಕಡೆ ತಿರುಗಿ ನಿಂತರು.

ನಾನು ಕಟ್ಟಿದ ಪುಸ್ತಕವನ್ನು ನಾನೇ ಸೀಳಿದ್ದು ಅದೇ ಮೊದಲು. ಚಾಕುವನ್ನು ಬೆನ್ನಿನ ಹೊರಬಟ್ಟೆಗೆ ಇಳಿಸಿದೆ. ಮೊದಲ ಸಂಪುಟದಲ್ಲಿ ಸಿಕ್ಕಿದ್ದು ಏಳನೇ ತರಗತಿಯ ಭೂಗೋಳದ ಪ್ರಶ್ನೆಪತ್ರಿಕೆ. ಎರಡನೆಯದರಲ್ಲಿ, ಹೊರಬಟ್ಟೆ ಸುಲಿದ ಕೂಡಲೇ, ನೀಲಿ ಅಂಚು ಕಂಡಿತು. ಮೀನಿನಕ್ಕ ನನ್ನ ಹೆಗಲು ಹಿಂಡಿದಳು.

ಆದರೆ ಅಂಕಿಗಳಿದ್ದ ಮಗ್ಗುಲು ಒಳಗೆ ಅಂಟಿಕೊಂಡಿತ್ತು. ನನ್ನ ಅಂಟು. ಅದು ಬಿಡುವುದಿಲ್ಲ ಎಂದೇ ಜನ ನಮ್ಮ ಅಂಗಡಿಗೆ ಬರುತ್ತಾರೆ. ಗ್ರಂಥಪಾಲರ ಫ್ಲಾಸ್ಕಿನಲ್ಲಿದ್ದ ಬಿಸಿನೀರಿಗೆ ಕರವಸ್ತ್ರ ಅದ್ದಿ, ಹಿಂಡಿ, ಹಾಳೆಯ ಮೇಲೆ ಒತ್ತಿ ಹಿಡಿದೆ. ತೆಗೆಯುವುದು, ಮತ್ತೆ ಅದ್ದುವುದು, ಮತ್ತೆ ಒತ್ತುವುದು. ಅವಸರ ಮಾಡಿದರೆ ಹಾಳೆ ಹರಿಯುತ್ತದೆ. ಜೀವನದಲ್ಲಿ ಮೊದಲ ಸಲ ನಾನು ಅಂಟಿನ ಮುಂದೆ ತಾಳ್ಮೆಯಿಂದ ಕೂತೆ, ಮೂವತ್ತೈದು ನಿಮಿಷ. ಹಾಳೆ ಪದರುಪದರಾಗಿ ಎದ್ದಿತು. ಮೊದಲ ಆರು ನಂಬರು ಮಸಿ ಹರಡಿ ಹಾಳಾಗಿದ್ದವು. ಮೂರು ಅರ್ಧರ್ಧ ಪುಸ್ತಕದ ಬೆನ್ನಿನಲ್ಲೇ ಉಳಿದವು. ಕೊನೆಯ ಸಾಲಿನ ಎಂಟು ಅಂಕಿ ಪೂರ್ತಿ ಇತ್ತು.

ಗ್ರಂಥಪಾಲರು ಒಂದೊಂದೇ ಅಂಕಿಯನ್ನು ಪಿಸುದನಿಯಲ್ಲಿ ಓದಿದರು, ನಾನು ಒತ್ತಿದೆ. ಚಕ್ರ ತಿರುಗಿತು. ತೆರೆಯಿತು.

ದುಡ್ಡು ಅಲ್ಲೇ ಇತ್ತು, ಪೂರ್ತಿ. ನಾನು ಮೀನಿನಕ್ಕನನ್ನು ತಬ್ಬಿಕೊಂಡೆ. ಗ್ರಂಥಪಾಲರು ಜೋರಾಗಿ ನಕ್ಕುಬಿಟ್ಟು, ತಾವೇ ಬಾಯಿಗೆ ಕೈ ಅಡ್ಡ ಹಿಡಿದರು. ನನ್ನ ಗಂಡ ಕಲಿಸಿದ್ದಂತೆ ಎಲ್ಲವನ್ನೂ ಮಾರಿ, ಬ್ಯಾಂಕಿಗೆ ಕಳಿಸು ಎಂದು ಒತ್ತಿದೆ.

ಪರದೆಯ ಮೇಲೆ ಹಳದಿ ಪೆಟ್ಟಿಗೆಯೊಂದು ಬಂತು. ಈ ಸಲ ಓದಿದೆ. ಇಂದು ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಈ ಖಾತೆಯ ಪಾಸ್‌ವರ್ಡ್ ಬದಲಾಗಿದೆ. ನಿಮ್ಮ ಸುರಕ್ಷತೆಗಾಗಿ ಮುಂದಿನ ಇಪ್ಪತ್ನಾಲ್ಕು ಗಂಟೆ ಹಣ ಹೊರಗೆ ಕಳಿಸಲು ಆಗುವುದಿಲ್ಲ. ಬದಲಾಯಿಸುವ ಮುನ್ನ ಇದನ್ನು ನೀವು ಒಪ್ಪಿರುತ್ತೀರಿ.

ಮತ್ತೆ ಒತ್ತಿದೆ. ಮತ್ತೆ ಅದೇ. ಎಷ್ಟು ಸಲ ಒತ್ತಿದೆನೋ ಗೊತ್ತಿಲ್ಲ, ಕೊನೆಗೆ ಮೀನಿನಕ್ಕ ಫೋನ್ ಕಿತ್ತುಕೊಂಡಳು.

ವಾಪಸು ಬರುವಾಗ ವ್ಯಾನಿನಲ್ಲಿ ಕಂಪನಿಯ ಸಹಾಯ ಕೇಂದ್ರಕ್ಕೆ ಬರೆದೆ. ನನ್ನ ಗಂಡನ ಬೆರಳು ತುಂಡಾಗಿದೆ, ದಯವಿಟ್ಟು ಬಿಡಿ. ನಿಮ್ಮ ಆತಂಕ ನಮಗೆ ಅರ್ಥವಾಗುತ್ತದೆ ಎಂದು ತಕ್ಷಣ ಉತ್ತರ ಬಂತು. ಬೆರಳಿನ ಗುರುತಿನಲ್ಲಿ ತೊಂದರೆಯೇ? ಹಾಗಾದರೆ ಬೆರಳನ್ನು ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಪ್ರಯತ್ನಿಸಿ. ಅಲ್ಲಿ ಮನುಷ್ಯರು ಯಾರೂ ಇರಲಿಲ್ಲ. ನಾನು ಬೈದದ್ದನ್ನೂ ಅದು ಅರ್ಥ ಮಾಡಿಕೊಂಡಿತು, ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದಿತು.

ಆಸ್ಪತ್ರೆ ಮುಟ್ಟಿದಾಗ ಎರಡೂ ನಲವತ್ತು. ಕೌಂಟರಿನವಳಿಗೆ ಫೋನ್ ತೋರಿಸಿದೆ.

"ನೋಡಮ್ಮ, ದುಡ್ಡು ಇದೆ. ನಾಳೆ ಹನ್ನೊಂದೂ ಹತ್ತಕ್ಕೆ ನಿನ್ನ ಕೈಗಿಡ್ತೀನಿ. ಅಂಗಡಿ ಬರೆದುಕೊಡ್ತೀನಿ, ನನ್ನನ್ನೇ ಇಲ್ಲಿ ಕೂರಿಸ್ಕೋ."

ಚಿಕ್ಕ ಹುಡುಗಿ ಅವಳು. ಕಣ್ಣು ತುಂಬಿಕೊಂಡು, "ನನ್ನ ಕೈಯಲ್ಲಿ ಇಲ್ಲ ಆಂಟಿ. ಬ್ಯಾಂಕಿಗೆ ಬಂದಿದ್ದು ಮಾತ್ರ ತಗೋಬಹುದು" ಎಂದಳು. ಮೇಲಿನವರಿಗೆ ಫೋನ್ ಮಾಡಿದಳು, ಅವರು ಇನ್ನೂ ಮೇಲಿನವರಿಗೆ ಹೇಳಿದರು. ಸರ್ಜನ್ ತಾವೇ ಇಳಿದು ಬಂದು, ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಒಳಗಿನ ಕೋಣೆಯೊಂದಕ್ಕೆ ಹೋದರು. ಮುಚ್ಚಿದ ಬಾಗಿಲಿನಾಚೆ ಅವರ ದನಿ ಏರುವುದು ಕೇಳಿಸಿತು. ಗೋಡೆಯ ಗಡಿಯಾರದ ಮುಳ್ಳು ಮೂರು ದಾಟಿತು, ಮೂರೂ ಕಾಲು ದಾಟಿತು. ನಾನು ಬಾಗಿಲಿನ ಕೆಳಗಿನ ಬೆಳಕಿನ ಗೆರೆಯನ್ನೇ ನೋಡುತ್ತ ನಿಂತಿದ್ದೆ, ಅದು ಅಲುಗಿದರೆ ಅವರು ಬಂದರು ಎಂದು.

ಅವರು ಬಂದು ನನ್ನ ಮುಖ ನೋಡಲಿಲ್ಲ. ಫೋನ್ ವಾಪಸು ಕೊಟ್ಟರು.

"ಒಪ್ಪಲಿಲ್ಲ ಅಮ್ಮ. ನನ್ನ ತಂಡವನ್ನ ಬೇರೆ ಥಿಯೇಟರಿಗೆ ಕಳಿಸಿಬಿಟ್ರು."

"ನಾಳೆ ಸಾರ್. ಮಂಜಲ್ಲೇ ಇದೆ."

"ನಾಳೆ ನಾನು ಹೊಲಿದ್ರೂ ಅದು ಹಿಡಿಯಲ್ಲ. ಗಾಯ ಮುಚ್ಚಿಬಿಡ್ತೀನಿ. ಅದಕ್ಕೆ ನೀವೇನೂ ಕಟ್ಟೋದು ಬೇಡ."

ಅವರು ಹೋದ ಮೇಲೆ ನರ್ಸು ಬಂದಳು, ಕೈಯಲ್ಲಿ ಮೀನಿನಕ್ಕನ ಡಬ್ಬ. "ಇದನ್ನ ನಾವೇ ನೋಡ್ಕೊಳ್ಳೋದಾ, ನೀವು ತಗೊಂಡು ಹೋಗ್ತೀರಾ?" ಎಂದು ಮೆಲ್ಲಗೆ ಕೇಳಿದಳು. ಮೀನಿನಕ್ಕ ಎದ್ದು, ಅವಳ ಜೊತೆ ಕಾರಿಡಾರಿನ ತುದಿಯವರೆಗೆ ಹೋಗಿ, ಬರಿಗೈಯಲ್ಲಿ ಬಂದಳು. ಆಮೇಲೆ ನಾನು ಅತ್ತೆ.

ಸಂಜೆ ಅವರಿಗೆ ಪೂರ್ತಿ ಎಚ್ಚರವಾಯಿತು. ಕಟ್ಟು ಹಾಕಿದ ಕೈಯನ್ನು ನೋಡಿಕೊಂಡರು. ಎಲ್ಲಿ ಏನು ಇಲ್ಲ ಎಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

"ಪೇಪರ್ ಸಿಗಲಿಲ್ವಾ?" ಎಂದರು.

"ಸಿಕ್ತು. ಕಂಪನಿಯವ್ರು ಒಂದು ದಿನ ತಡೆಹಿಡಿದ್ರು."

"ಯಾಕೆ? ಪಾಸ್‌ವರ್ಡ್ ಸರಿ ಹಾಕಿದೆ ತಾನೆ? ಕಟಿಂಗ್ ಮಷೀನಿನ ಹಿತ್ತಾಳೆ ತಗಡಿನ ಮೇಲಿರೋ ನಂಬರು. ದಿನಾ ನಿನ್ನ ಕಣ್ಣೆದುರೇ ಇರುತ್ತೆ ಅಂತ ಅದನ್ನೇ ಇಟ್ಟಿದ್ದೆ, ಹೇಳಿದ್ನಲ್ಲ."

"ಹೂಂ," ಎಂದೆ. "ಅದೇ ಹಾಕಿದೆ. ಅದೇನೋ ಅವರ ರೂಲು."

ಮದುವೆಯಾದಂದಿನಿಂದ ಅವರಿಗೆ ನಾನು ಬೇಕಾದಷ್ಟು ಬೈದಿದ್ದೇನೆ, ಸುಳ್ಳು ಹೇಳಿರಲಿಲ್ಲ. ಮಾರನೆಯ ದಿನ ಹನ್ನೊಂದೂ ಹತ್ತಕ್ಕೆ ಸರಿಯಾಗಿ ನನ್ನ ಮಡಿಲಲ್ಲಿ ಫೋನು ಟಿಣ್ ಎಂದಿತು. ಕಳಿಸು ಎಂದು ಒತ್ತಿದೆ, ಹತ್ತು ನಿಮಿಷದಲ್ಲಿ ದುಡ್ಡು ಪೂರ್ತಿ ಬ್ಯಾಂಕಿಗೆ ಬಂತು. ಒಂದು ಪೈಸೆ ಕಡಿಮೆ ಇರಲಿಲ್ಲ.

ಆ ದುಡ್ಡಿಗೆ ಹೊಸ ಮಷೀನು ಬಂದದ್ದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ನಾನು ಗ್ರಂಥಾಲಯದ ಎರಡೂ ಸಂಪುಟಗಳನ್ನು ಮತ್ತೆ ಹೊಲಿದುಕೊಟ್ಟಿದ್ದೆ. ಬೆನ್ನಿಗೆ ಹೊಸ ಹಾಳೆ ಕೊಂಡು ತಂದು ಹಾಕಿದೆ, ಎರಡೂ ಮಗ್ಗುಲು ಖಾಲಿ ಇರುವುದು. ಮಾವ ಇದ್ದಿದ್ದರೆ ದುಂದು ಎನ್ನುತ್ತಿದ್ದರು. ಅಂಗಡಿಗೆ ಬಂದವರೆಲ್ಲ ನನ್ನ ಗಂಡನ ಕೈ ನೋಡಿ ಕೇಳುತ್ತಿದ್ದರು, ಅವರು ಪ್ರತಿಯೊಬ್ಬರಿಗೂ ಸಮಾಧಾನವಾಗಿ, "ಕಂಪನಿ ರೂಲು, ಏನ್ಮಾಡೋದು" ಎನ್ನುತ್ತಿದ್ದರು. ಹಾಗೆ ಅವರು ಹೇಳಿದಾಗಲೆಲ್ಲ ನಾನು ದಬ್ಬಣದಿಂದ ಬೆರಳು ಚುಚ್ಚಿಕೊಳ್ಳುತ್ತಿದ್ದೆ.

ಹಳೆಯ ಮಷೀನನ್ನು ಗುಜರಿಯವನು ಒಯ್ಯುವ ಮೊದಲು ಅದರ ಹಿತ್ತಾಳೆ ತಗಡನ್ನು ನಾನು ಬಿಚ್ಚಿಟ್ಟುಕೊಂಡೆ. ಹೊಸದನ್ನು ಜೋಡಿಸಿದ ಮೆಕ್ಯಾನಿಕ್ ಹೋದ ಮೇಲೆ ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ಅವರು ಬಟನ್ ಒತ್ತಿ, ಇಳಿಯುತ್ತಿದ್ದ ಅಲಗಿನ ಮುಂದೆ ನಾಲ್ಕು ಬೆರಳಿನ ಕೈ ಚಾಚಿದರು. ಅಲಗು ತಟಕ್ಕನೆ ನಿಂತಿತು. ಕೈ ತೆಗೆದರು, ಮತ್ತೆ ಒತ್ತಿದರು, ಮತ್ತೆ ಚಾಚಿದರು. ನಿಂತಿತು. ಐದಾರು ಸಲ ಹಾಗೆ ಮಾಡಿದರು. ನನಗೆ ನೋಡಲಾಗಲಿಲ್ಲ.

"ರೀ, ಆವತ್ತು ನಾನು ನಿಮ್ಮ ಪಾಸ್‌ವರ್ಡ್ ಹಾಕಿಲ್ಲ," ಎಂದೆ. "ನೆನಪಿರ್ಲಿಲ್ಲ. ನಿಮ್ಮನ್ನ ಕೇಳೋಕೆ ಐದು ನಿಮಿಷ ಕಾಯ್ಲಿಲ್ಲ. ಮರೆತಿದೀನಿ ಅಂತ ಒತ್ತಿ, ಓದದೆ ಬದಲಾಯಿಸ್ದೆ. ಅದಕ್ಕೇ ತಡೆ ಹಾಕಿದ್ದು. ರೂಲಲ್ಲ, ನಾನು."

ಅವರು ಕೈಯನ್ನು ಅಲಗಿನಡಿಯಿಂದ ಈಚೆಗೆ ತೆಗೆದರು.

"ಗೊತ್ತು ಕಣೇ," ಎಂದರು. "ಪಾಸ್‌ವರ್ಡ್ ಬದಲಾಯ್ತು ಅಂತ ಮೇಲ್ ಬಂದಿತ್ತಲ್ಲ ಫೋನಿಗೆ, ಟೈಮ್ ಸಮೇತ. ಎರಡನೇ ದಿನ ಆಸ್ಪತ್ರೆಲೇ ನೋಡ್ದೆ."

ನಾನು ಬುಟ್ಟಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಎರಡು ತಿಂಗಳು. ಬಂದವರಿಗೆಲ್ಲ ಅದೇ ಮಾತು, ನನ್ನ ಎದುರಿಗೇ, ಒಂದು ಸಲವೂ ನನ್ನ ಕಡೆ ತಿರುಗಿ ನೋಡದೆ.

ಅವರು ಶಾಲೆಯ ಉತ್ತರಪುಸ್ತಕಗಳ ಕಟ್ಟೊಂದನ್ನು ಎತ್ತಿ ಮೇಜಿನ ಮೇಲಿಟ್ಟರು. ಅಂಚನ್ನು ತಟ್ಟಲು ನೋಡಿದರು, ಹಾಳೆಗಳು ಜಾರಿದವು. ಎಡಗೈಯಲ್ಲಿ ಸರಿಪಡಿಸಿ ಮತ್ತೆ ತಟ್ಟಿದರು, ಮತ್ತೆ ಜಾರಿದವು.

"ಎದ್ದು ಬಾ," ಎಂದರು. "ಇದರ ಅಂಚು ಮುಟ್ಟಿ ನೋಡು, ಸಮ ಇದ್ಯಾ ಹೇಳು."

ಎದ್ದು ಹೋಗಿ ಹೆಬ್ಬೆರಳಿನಿಂದ ಮುಟ್ಟಿ ನೋಡಿದೆ. ನನ್ನ ಸವೆದ ಬೆರಳಿಗೆ ಏನೂ ಗೊತ್ತಾಗಲಿಲ್ಲ. ಸಮ ಇಲ್ಲ, ಇನ್ನೊಂದು ಸಲ ತಟ್ಟೋಣ ಎಂದೆ. ಇಬ್ಬರೂ ಸೇರಿ ತಟ್ಟಿದೆವು.